ನೆರಳಲ್ಲಿ ಬಾಡಿದ ಸೊಪ್ಪು

ಸಂಶೋಧಕಿ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಮೂರನೇ ಸಲವೂ ಅದೇ ಕಥೆ. ಅಮ್ಮನ ಮುಲಾಮಿನ ಸೊಪ್ಪಿನ ರಸದಲ್ಲಿ ಅದ್ದಿಟ್ಟ ಕಾಗದದ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಯಾಗಿ ಬೆಳೆದು ಕೂತಿತ್ತು. ರಸಕ್ಕೆ ಕಸುವಿದ್ದಿದ್ದರೆ ಸುತ್ತ ಉಂಗುರದಷ್ಟು ಜಾಗವಾದರೂ ಬರಿದಾಗಿರುತ್ತಿತ್ತು. ಚಿಕ್ಕಂದಿನಲ್ಲಿ ಅವಳ ಮೊಣಕಾಲಿನ ಕೀವನ್ನು ಒಣಗಿಸಿದ ಮುಲಾಮು ಅದು. ಅಮ್ಮ ಈಗಿಲ್ಲ. ಅದನ್ನು ಮಾಡಬಲ್ಲವಳು ಅಕ್ಕ ಒಬ್ಬಳೇ. ಅವಳೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ತಟ್ಟೆ ಕೆಳಗಿಟ್ಟು ಫೋನ್ ಎತ್ತಿಕೊಂಡಳು.

"ಸೊಪ್ಪು ಕಿತ್ತ ತಕ್ಷಣ ಅರೆದ್ಯಾ?" ಎಲ್ಲ ಕೇಳಿಸಿಕೊಂಡು ಅಕ್ಕ ಕೇಳಿದಳು.

"ಹೂಂ."

"ಅದಕ್ಕೇ ಮತ್ತೆ! ಎರಡು ದಿನ ನೆರಳಲ್ಲಿ ಬಾಡಿಸ್ಬೇಕು ಕಣೇ. ಅಮ್ಮ ಅರೆಯೋ ಹೊತ್ತಿಗೆ ನೀನು ಬಂದು ಮೂಗು ಮುಚ್ಕೋತಿದ್ದೆ, ಅಷ್ಟೇ. ಇಷ್ಟೆಲ್ಲ ಓದಿ ಏನು ಭಾಗ್ಯ ಬಂತು!"

ಅವಳು ಬರೆದುಕೊಂಡಳು: ಎರಡು ದಿನ, ನೆರಳು. ಕೇಳಬೇಕಾದದ್ದು ಅಲ್ಲಿಗೆ ಮುಗಿದಿತ್ತು. ಅತ್ತ ಅಕ್ಕ ಉಸಿರಾಡುವುದು ಕೇಳುತ್ತಿತ್ತು. ಈಗ ಫೋನ್ ಇಟ್ಟರೆ ಮತ್ತೆ ಎಷ್ಟು ವರ್ಷವೋ ಎನ್ನಿಸಿತು.

"ಎಷ್ಟು ದಿನ ಅಂದೆ ಅಕ್ಕಾ?"

ಅತ್ತ ಅಕ್ಕ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಮೊದಲಿಂದ ಹೇಳ್ತೀನಿ, ಕೇಳು," ಎಂದಳು.