ಹತ್ತೊಂಬತ್ತು ಜನ

ಆ ಮುದುಕ ಕೋಟಿನೊಳಗೆ ಕೈ ಹಾಕಿದ್ದನ್ನು ಪಕ್ಕದ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಕಣ್ಣಾರೆ ಕಂಡಳು. ಕಳ್ಳ, ಅನುಮಾನವೇ ಇಲ್ಲ. ಹಳೆಯ ರೆಕಾರ್ಡುಗಳನ್ನು ಮಾರುವ ಅಂಗಡಿ ಅದು. ಮಾಲೀಕ ಎಂದಿನಂತೆ ಯಾವುದೋ ರೇಡಿಯೊ ಬಿಚ್ಚಿಕೊಂಡು ಕೂತಿದ್ದ. ಗಿರಾಕಿಯ ಮುಖ ಎತ್ತಿ ನೋಡುವ ಆಸಾಮಿಯಲ್ಲ.

ಅವಳಿಗೆ ಸಿಟ್ಟು ಬಂದದ್ದು ಮುದುಕ ನಿಂತ ಜಾಗಕ್ಕೆ. ಮೂಲೆ, ಎಲ್ಲಕ್ಕಿಂತ ಕೆಳಗಿನ ಸಾಲು. ಯಾರಿಗೂ ಬೇಡವಾದ ರಾಕ್ ಆಲ್ಬಮ್ಮೊಂದು ಅಲ್ಲಿರುತ್ತಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ, ಬಾಡಿಗೆ ಕೋಣೆಯಲ್ಲಿ ಮಾತಾಡಿಸುವವರಿಲ್ಲದೆ ಕೂತಿದ್ದಾಗ ಅವಳು ಅದನ್ನು ಮೊದಲು ಕೇಳಿದ್ದು. ನಾಲ್ಕನೇ ಹಾಡಿನಲ್ಲಿ ಗಾಯಕನ ದನಿ ಒಡೆಯುತ್ತದೆ. ತಿದ್ದದೆ ಹಾಗೇ ಬಿಟ್ಟಿದ್ದಾರೆ. ಒಡೆದ ದನಿಯಲ್ಲೂ ಹಾಡು ಮುಗಿಸಬಹುದೆಂದು ಅವತ್ತು ಗೊತ್ತಾಯಿತು. ಈಗ ಐವತ್ತು. ಕೋಣೆ ಬದಲಾಗಿದೆ, ಮಾತಾಡಿಸುವವರು ಹೆಚ್ಚಾಗಿಲ್ಲ. ಆ ಆಲ್ಬಮ್ ಕೇಳಿದ ಇನ್ನೊಬ್ಬರು ಈವರೆಗೆ ಸಿಕ್ಕಿಲ್ಲ. ಅಂಗಡಿಗೆ ಬಂದಾಗ ಅದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದರೆ ಕರುಳು ಚುರ್ ಎನ್ನುತ್ತಿತ್ತು.

"ಏನ್ರೀ, ಕೋಟಲ್ಲಿ ಏನದು?"

ಮುದುಕ ಬೆಚ್ಚಿದ. ಕೈಯಲ್ಲಿ ಅದೇ ಆಲ್ಬಮ್. ಆದರೆ ಅವನು ತೆಗೆಯುತ್ತಿರಲಿಲ್ಲ, ಇಡುತ್ತಿದ್ದ.

"ಕದಿಯೋಕಲ್ಲಮ್ಮ, ಇಡೋಕೆ ಬಂದೆ. ಇದರಲ್ಲಿ ಹಾಡಿರೋನು ನಾನೇ."

ಆ ದನಿ!

ಮಾರಾಟವಾಗದ ರೆಕಾರ್ಡುಗಳ ಪೆಟ್ಟಿಗೆಗಳು ಅವನ ಮನೆ ತುಂಬ ಇದ್ದವಂತೆ. ಹೆಂಡತಿ ತೀರಿಕೊಂಡ ವರ್ಷ ಎಲ್ಲ ಸುಟ್ಟುಬಿಡೋಣವೆಂದು ಹೊರಟವನು, ಯಾಕೋ ಮನಸ್ಸಾಗದೆ ಒಂದನ್ನು ತಂದು ಇಲ್ಲಿ ಗುಟ್ಟಾಗಿ ಸಿಕ್ಕಿಸಿ ಹೋದ.

"ತಿಂಗಳು ಬಿಟ್ಟು ನೋಡಿದ್ರೆ ಇಲ್ಲ! ಇನ್ನೊಂದು ಇಟ್ಟೆ, ಅದೂ ಹೋಯ್ತು. ಇವತ್ತಿಗೆ ಹತ್ತೊಂಬತ್ತು ಹೋಗಿವೆ. ಈ ಊರಲ್ಲೇ ಹತ್ತೊಂಬತ್ತು ಜನ ನನ್ನ ಹಾಡು ಕೇಳ್ತಿದ್ದಾರಮ್ಮ! ಅವರನ್ನ ನೆನೆಸ್ಕೊಂಡೇ ಮತ್ತೆ ಗಿಟಾರ್ ಮುಟ್ಟಿದ್ದು. ಹೊಸ ಹಾಡು ಕಟ್ತಿದ್ದೀನಿ." ಅವನು ತಡೆದು ಕೇಳಿದ. "ನೀವೂ ಅವರಲ್ಲಿ ಒಬ್ಬರಾ?"

"ಹೌದು."

"ಮಿಕ್ಕವರು ಗೊತ್ತಾ? ಹೇಗಿದ್ದಾರೆ?"

"ಎಲ್ಲರೂ ಚೆನ್ನಾಗಿದ್ದಾರೆ. ಹೊಸ ಹಾಡಿಗೆ ಕಾಯ್ತಾರೆ, ಬೇಗ ಮುಗಿಸಿ."

ಮುದುಕ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಬಾಗಿಲಲ್ಲೇ ನಿಂತಿದ್ದಳು. ನಡಿಗೆ ಹುಡುಗನದಂತಿತ್ತು.

ಆ ಸಂಜೆ ಇಪ್ಪತ್ತನೆಯದನ್ನೂ ಕೊಂಡು ತಂದು, ಮಂಚದಡಿಯಲ್ಲಿದ್ದ ಹತ್ತೊಂಬತ್ತರ ಪಕ್ಕ ಇಟ್ಟಳು.