ಇದ್ದದ್ದು ಇದ್ದ ಹಾಗೆ

ನಮ್ಮ ಮಹಡಿ ಮನೆಯಲ್ಲಿ ಪ್ರಫುಲ್ಲಾ ಮತ್ತು ಅವಳು ಪ್ರೀತಿಸಿದ ಹುಡುಗ ಮೂರು ವರ್ಷ ಸಂಸಾರ ಮಾಡಿದರು. ಮದುವೆಯಾಗಿರಲಿಲ್ಲ. ಬೇರೆ ಜಾತಿಯವರು ಮದುವೆಗೆ ಅರ್ಜಿ ಹಾಕಿದರೆ ರಿಜಿಸ್ಟರ್ ಆಫೀಸಿನ ಬೋರ್ಡಿನಲ್ಲಿ ಒಂದು ತಿಂಗಳು ಹೆಸರು ಅಂಟಿಸುತ್ತಾರೆ. ಅದು ಅವಳ ಅಣ್ಣನ ಕಣ್ಣಿಗೆ ಬಿದ್ದರೆ ಇಬ್ಬರನ್ನೂ ಉಳಿಸುವುದಿಲ್ಲ ಎಂಬ ಹೆದರಿಕೆ. ಎಡಗೈಯಲ್ಲಿ ಉಂಡಳೆಂದು ಚಿಕ್ಕಂದಿನಲ್ಲಿ ಅವನು ಹಾಕಿದ ಬರೆ ಅವಳ ಕೈಮೇಲೆ ಇನ್ನೂ ಇದೆ.

ಈಗ ಹುಡುಗ ಕೆನಡಾದಲ್ಲಿದ್ದಾನೆ, ಇವಳು ನಮ್ಮ ಮಹಡಿಯಲ್ಲೇ ಇದ್ದಾಳೆ. ಇವಳೂ ಹೋಗಬೇಕಾದರೆ, ಇಬ್ಬರೂ ಒಟ್ಟಿಗೆ ಬಾಳಿದ್ದರೆಂದು ಯಾರಾದರೂ ಸಾಕ್ಷಿ ಹೇಳಬೇಕಂತೆ. ನನಗೆ ಬರುವ ನಾಲ್ಕಕ್ಷರದಲ್ಲಿ ಕಾಗದಕ್ಕೆ ರುಜು ಹಾಕಿಕೊಟ್ಟೆ.

"ಅಲ್ಲಿಯವರು ಫೋನ್ ಮಾಡಿದ್ರೆ ಇದ್ದದ್ದು ಇದ್ದಂಗೆ ಹೇಳ್ಬಿಡಿ ಅಜ್ಜಿ," ಎಂದಿದ್ದಳು.

ಇವತ್ತು ಬೆಳಗ್ಗೆ ಫೋನ್ ಬಂತು. "ಪ್ರಫುಲ್ಲಾ ಅನ್ನೋರು ಗೊತ್ತಾ?" ಎಂದು ಗಂಡಸೊಬ್ಬ ಕೇಳಿದ.

"ಕೆನಡಾ ಆಫೀಸಿನವರಾ ಸ್ವಾಮಿ?"

ಸ್ವಲ್ಪ ತಡೆದು, "ಹೂಂ, ಹೌದಜ್ಜಿ," ಎಂದ.

"ಮೂರು ವರ್ಷ ಗಂಡ ಹೆಂಡ್ತಿ ಥರಾನೇ ಇದ್ರು. ಒಂದೇ ತಟ್ಟೇಲಿ ಉಣ್ಣೋರು."

ಆಮೇಲೆ ಕೇಳಿದ, "ಈಗ ಅವಳ ಜೊತೆ ಯಾರಿದ್ದಾರೆ?"

"ಯಾರೂ ಇಲ್ಲ, ಒಬ್ಬಳೇ. ಆರು ಗಂಟೆಗೆ ಕೆಲಸದಿಂದ ಬರ್ತಾಳೆ."

ವಿಳಾಸ ಕೇಳಿದ. ಕಾಗದದಲ್ಲಿ ಬರೆದೇ ಇತ್ತು, ಆದರೂ ನಿಧಾನವಾಗಿ ಎರಡು ಸಲ ಹೇಳಿದೆ.

"ಬರ್ಕೊಂಡ್ರಾ ಸ್ವಾಮಿ? ಅವಳ ಕೆಲಸ ಆಗತ್ತಲ್ವಾ?"

"ಆಗತ್ತೆ. ಇನ್ನೊಂದೇ ಮಾತು ಅಜ್ಜಿ," ಎಂದ. "ಅವಳು ಈಗ್ಲೂ ಎಡಗೈಲೇ ಉಣ್ತಾಳಾ?"