ಹಸಿರು ಬಳೆ

ಆ ವರ್ಷ ವಿಶ್ವವಿದ್ಯಾಲಯ ಎಲ್ಲರಿಗೂ ಒಂದೊಂದು ಬಳೆ ತೊಡಿಸಿತ್ತು. ಆನ್‌ಲೈನ್ ಪಾಠ ಕೇಳುವಾಗ ಮನಸ್ಸಿಗೆ ತೃಪ್ತಿಯಾದರೆ ಅದು ಹಸಿರಾಗುತ್ತಿತ್ತು, ಇಲ್ಲವಾದರೆ ಕೆಂಪು. ಕೆಂಪಾದವರಿಗೆ ಮಾತ್ರ ಕ್ಯಾಂಪಸ್ಸಿನಲ್ಲಿ ಜಾಗ. ಸುಗಂಧಾಳ ಅಣ್ಣನಿಗೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ.

"ಪಾಠ ಶುರುವಾದ ಕೂಡ್ಲೇ ನಿನ್ನ ಕೈಯಾನ ಬಳಿ ಹಸಿರಾಗ್ತದವಾ," ಅವಳು ಕಾರಣ ಕೇಳಿದಾಗ ಪರದೆಯ ಮೇಲೆ ವಿಶ್ವವಿದ್ಯಾಲಯದ ಅಧಿಕಾರಿ ನಕ್ಕ. "ಹುಡುಗ್ಯಾರೆಲ್ಲಾ ಹಂಗ. ನಿಮಗ ಮನೀನ ಚಲೋ."

"ಏನ್ ಚಲೋರೀ? ಮುಂಜಾನಿಂದ ರೊಟ್ಟಿ ಬಡದು, ಭಾಂಡೆ ತಿಕ್ಕಿ, ಪಾಠದ ಹೊತ್ನ್ಯಾಗಷ್ಟ ನಾ ಕುಂಡ್ರೂದು. ಆ ಹಸಿರು ನಿಮ್ಮ ಪಾಠಕ್ಕಲ್ಲ, ಕುಂತಿದ್ದಕ್ಕ!"

"ಬಳಿ ಸುಳ್ಳು ಹೇಳಂಗಿಲ್ಲವಾ."

ಮರುದಿನ ಸುಗಂಧಾ ಕುರ್ಚಿಯನ್ನು ಒದ್ದು ದೂರ ತಳ್ಳಿ, ನಿಂತೇ ಪಾಠ ಕೇಳಿದಳು. ಬಳೆ ಕೆಂಪಾಯಿತು; ಕೈಯೆತ್ತಿ ಅದನ್ನು ಕ್ಯಾಮೆರಾಕ್ಕೆ ಹಿಡಿದಳು. ಅವಳನ್ನು ನೋಡಿ, ಪರದೆಯ ಒಂದೊಂದೇ ಚೌಕದಲ್ಲಿ ಹುಡುಗಿಯರು ಎದ್ದು ನಿಲ್ಲತೊಡಗಿದರು.